ಮೂರು ಬೀಪ್, ನಾಲ್ಕು ಚೀಟಿ

“ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲಾ ನೀವು!”

ಬೀಗ ಹಾಕಿದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಮುಂದೆ ನಿಂತು ಅವಳು ಫೋನಿನಲ್ಲಿ ಕೂಗಿದಳು. ನಂಬರು ಬಾಗಿಲ ಮೇಲೇ ಇತ್ತು. ಪಕ್ಕದ ಕನ್ನಡಕದಂಗಡಿಯ ತಾತ ಕೆಲಸ ಬಿಟ್ಟು ತಲೆಯೆತ್ತಿದರು.

“ಏನಾಯ್ತು ಹೇಳಿ, ಮೇಡಂ,” ಎಂದಿತು ಆ ಕಡೆಯ ದನಿ.

ಮೂರು ವರ್ಷದಿಂದ ರಿಪೇರಿಯವನ ಮಾತು ಇಷ್ಟೇ. ಏನಾಯ್ತು ಹೇಳಿ. ನಾಳೆ ಬನ್ನಿ. ಆಯ್ತು, ತಗೊಳ್ಳಿ.

“ಆನ್ ಮಾಡಿದ್ರೆ ದೀಪ ಉರಿಯುತ್ತೆ, ಫ್ಯಾನ್ ತಿರುಗುತ್ತೆ, ಮೂರು ಸಲ ಬೀಪ್ ಅನ್ನುತ್ತೆ. ಪರದೆ ಮಾತ್ರ ಕಪ್ಪು! ನಿನ್ನೆ ನೀವು ಮೆಮೊರಿ ಹಾಕಿಕೊಟ್ಟ ಮೇಲೆ ಸಂಜೆಯೆಲ್ಲ ಚೆನ್ನಾಗೇ ಇತ್ತು. ಬೆಳಿಗ್ಗೆ ಬ್ಯಾಗಿಂದ ತೆಗೆದ್ರೆ ಹೀಗೆ!”

“ಮೂರು ಬೀಪಾ?” ಅವನ ದನಿ ಇಳಿಯಿತು. “ಹಾಗಾದ್ರೆ ಅದು ಮೆಮೊರಿದೇ. ನಾನು ಊರಾಚೆ ಆಸ್ಪತ್ರೆಯಲ್ಲಿದ್ದೀನಿ, ಇಲ್ಲಿ ಕಂಪ್ಯೂಟರ್ ಎಲ್ಲಾ ಕೆಟ್ಟು ಕೂತ್ಬಿಟ್ಟಿವೆ. ಆರು ಗಂಟೆಗೆ ಬಂದು ನೋಡ್ತೀನಿ.”

“ನಾಲ್ಕಕ್ಕೆ ನನ್ನ ಫೈಲ್ ಹೋಗ್ಬೇಕು!”

ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ಅವಳ ಕೆಲಸ. ಎರಡು ತಿಂಗಳು ಕೂತು ಬರೆದ ಇಡೀ ಚಿತ್ರದ ಮಾತುಗಳು ಆ ಕಪ್ಪು ಪರದೆಯ ಹಿಂದಿದ್ದವು. ನಾಲ್ಕು ಗಂಟೆ ದಾಟಿದರೆ ಕೆಲಸ ಬೇರೆಯವರ ಪಾಲು. ಈಗ ಎರಡೂಕಾಲು.

“ನಾನೇ ಬಿಚ್ತೀನಿ. ಹೇಗೆ ಅಂತ ಹೇಳಿ.”

“ಬೇಡ!”

ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ಯಾಕೆ ಬೇಡ? ಒಳಗೆ ನಾನು ನೋಡಬಾರದ್ದು ಏನಿದೆ?”

“ಆರು ಗಂಟೆಗೆ ನಾನೇ ಬಂದು ಬಿಚ್ತೀನಿ,” ಎಂದು ಅವನು ಮಾತು ತೇಲಿಸಿದ.

*ಹಾಗಾದ್ರೆ ನಿಜ… ಹಳೇ ಮೆಮೊರಿಯನ್ನೇ ತುರುಕಿ ಹೊಸದು ಅಂದಿದ್ದಾನೆ!*

ಇಲ್ಲೊಂದು ವಿಷಯ ಹೇಳಿಬಿಡಬೇಕು. ಅವಳ ಮನೆಯ ಕೆಳಗೇ ಒಂದು ರಿಪೇರಿ ಅಂಗಡಿಯಿದೆ. ಅದನ್ನು ದಾಟಿ, ಎರಡು ಬಸ್ಸು ಬದಲಿಸಿ ಅವಳು ಇಲ್ಲಿಗೇ ಬರುತ್ತಾಳೆ. ಕೆಲಸ ಚೊಕ್ಕವಾಗಿದೆ ಎಂದು ಅಕ್ಕನಿಗೆ ಹೇಳುತ್ತಾಳೆ. ಅಕ್ಕ ಹುಬ್ಬು ಹಾರಿಸುತ್ತಾಳೆ. ಹೀಗಿರುವಾಗ ಅವನು ಮೋಸಗಾರನಾಗಿಬಿಟ್ಟರೆ ಹೋಗುವುದು ಫೈಲ್ ಒಂದೇ ಅಲ್ಲ.

“ಹೇಳ್ತೀರೋ, ನಾನೇ ಎಳೆದು ಕಿತ್ತು ಹಾಕ್ಲೋ?”

ಉದ್ದನೆಯ ಉಸಿರು ಕೇಳಿಸಿತು. “ಸರಿ… ಸಣ್ಣ ಸ್ಕ್ರೂಡ್ರೈವರ್ ಬೇಕು. ಪಕ್ಕದ ತಾತನ್ನ ಕೇಳಿ.”

ತಾತ ಆಗಲೇ ಮೇಜಿನ ಮೇಲೆ ಬಟ್ಟೆ ಹಾಸಿದ್ದರು. ಕನ್ನಡಕದ ಸ್ಕ್ರೂಡ್ರೈವರ್ ಕೊಟ್ಟು, ಜೊತೆಗೊಂದು ಭೂತಗನ್ನಡಿಯನ್ನೂ ಇಟ್ಟರು.

“ನಮ್ಮ ಮೌನಿ ಜೊತೆ ಇಷ್ಟು ಹೊತ್ತು ಮಾತಾಡಿದೋರು ನೀನೇ ಮೊದಲು ಕಣಮ್ಮಾ. ಜೋರು ಮಾಡು, ಸ್ಪೀಕರ್‌ನಲ್ಲಿ ಹಾಕು.”

ಲ್ಯಾಪ್‌ಟಾಪನ್ನು ಕವುಚಿ ಹಾಕಿ ಹತ್ತು ಸ್ಕ್ರೂ ಬಿಚ್ಚಿದ್ದಾಯಿತು.

“ಕಬ್ಬಿಣದ ಬಾಗಿಲು ಒಂದ್ಸಲ ಮುಟ್ಟಿ, ಮೈಮೇಲಿನ ಕರೆಂಟ್ ಇಳೀಲಿ. ಈಗ ಮುಚ್ಚಳ ಎತ್ತಿ. ಎತ್ತಿದ ತಕ್ಷಣ… ಪಕ್ಕಕ್ಕೆ ಬೋರಲು ಹಾಕಿ ಇಟ್ಬಿಡಿ.”

“ಬೋರಲು ಯಾಕೆ?”

“ಧೂಳು… ಧೂಳು ಕೂರುತ್ತೆ.”

ಅವಳು ಹಾಗೇ ಮಾಡಿದಳು. ಬ್ಯಾಟರಿಯ ಕೊಂಡಿ ಬಿಡಿಸಿದಳು. ಭೂತಗನ್ನಡಿ ಹಿಡಿದು ಬಗ್ಗಿದಳು. ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದು ಹಳೆಯದು. ಇನ್ನೊಂದು ಹೊಚ್ಚ ಹೊಸದು, ಹೊಳೆಯುತ್ತಿತ್ತು, ನಿನ್ನೆ ಅವನು ತೋರಿಸಿದ್ದೇ! ಅದರ ಒಂದು ತುದಿ ಮಾತ್ರ ಕೂದಲೆಳೆಯಷ್ಟು ಮೇಲೆದ್ದಿತ್ತು.

ಅವಳಿಗೆ ಒಮ್ಮೆಲೇ ನಾಚಿಕೆಯಾಯಿತು. ಸಮಾಧಾನವೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳುತ್ತಿರಲಿಲ್ಲ.

“ಸರಿಯಾಗಿ ಕೂತಿಲ್ಲ,” ಎಂದಳು ಮೆಲ್ಲಗೆ. “ಒಂದು ಕಡೆ ಮೇಲೆದ್ದಿದೆ.”

“ನನ್ನದೇ ತಪ್ಪು. ಬ್ಯಾಗಲ್ಲಿ ಹಾಕಿ ತೆಗೆದ ಕುಲುಕಾಟಕ್ಕೆ ಬಿಟ್ಟುಕೊಂಡಿದೆ. ಹೊರಗೆ ತೆಗೀರಿ. ಓರೆಯಾಗಿ ಹಿಡಿದು ಒಳಗೆ ತಳ್ಳಿ, ಚಿನ್ನದ ಬಣ್ಣದ ಅಂಚು ಕಾಣದಷ್ಟು. ಆಮೇಲೆ ಕೆಳಗೆ ಒತ್ತಿ. ಎರಡೂ ಪಕ್ಕದ ಕೊಕ್ಕೆ ‘ಟಕ್’ ಅನ್ಬೇಕು.”

ಟಕ್!

ತಾತನೂ ತಲೆದೂಗಿದರು.

“ಬ್ಯಾಟರಿ ಕೊಂಡಿ ಹಾಕಿ. ಮುಚ್ಚಳ ಹಾಕದೇನೇ ಹುಷಾರಾಗಿ ತಿರುಗಿಸಿ ಆನ್ ಮಾಡಿ. ಒಂದೆರಡು ನಿಮಿಷ ಪರದೆ ಕಪ್ಪಾಗೇ ಇರುತ್ತೆ, ಗಾಬರಿಯಾಗಿ ಆಫ್ ಮಾಡ್ಬೇಡಿ. ಹೊಸ ಮೆಮೊರಿನ ಅದು ಗುರುತು ಹಿಡೀಬೇಕು.”

ಗುಂಡಿ ಒತ್ತಿದಳು. ಬೀಪ್ ಬರಲಿಲ್ಲ. ಬೆಳಕೂ ಬರಲಿಲ್ಲ. ಕಾಯುವುದು ಅವಳಿಗೆ ಒಗ್ಗದ ಕೆಲಸ, ಕೈ ಸುಮ್ಮನಿರಲಿಲ್ಲ. ಬೋರಲು ಬಿದ್ದಿದ್ದ ಮುಚ್ಚಳವನ್ನು ಎತ್ತಿ ಮಗುಚಿದಳು.

ಒಳಬದಿಗೆ ನಾಲ್ಕು ಪುಟ್ಟ ಚೀಟಿಗಳು ಅಂಟಿದ್ದವು. ಮುಟ್ಟಿದ ಪ್ರತಿಯೊಂದು ಯಂತ್ರದಲ್ಲೂ ಏನು ಮಾಡಿದೆ ಎಂದು ತಾರೀಖು ಹಾಕಿ ಬರೆದಿಡುವುದು ಅವನ ಪದ್ಧತಿ. ಮುಂದೆ ಬಿಚ್ಚುವವನಿಗೆ ಗೊತ್ತಾಗಲೆಂದು. ಈ ಲ್ಯಾಪ್‌ಟಾಪನ್ನು ಅವನ ಹೊರತು ಬೇರೆ ಯಾರೂ ಬಿಚ್ಚಿರಲಿಲ್ಲ.

ಅಕ್ಷರಗಳು ಇರುವೆಯಷ್ಟಿದ್ದವು. ಅವಳು ಭೂತಗನ್ನಡಿ ಹಿಡಿದಳು.

‘ಫ್ಯಾನ್ ಸ್ವಚ್ಛ ಮಾಡಿದೆ. ಧೂಳು ಬಹಳ.’

‘ಕೀಬೋರ್ಡ್ ಬದಲಿಸಿದೆ. ಕಾಫಿ ಚೆಲ್ಲಿದ್ದರು. ಕೀಬೋರ್ಡಿಗೆ ಕ್ಷಮೆ ಕೇಳಿದರು, ನನಗಲ್ಲ.’

‘ಬ್ಯಾಟರಿ ಹೊಸದು. ಇನ್ನು ಎರಡು ವರ್ಷ ಇವರು ಬರುವ ಕೆಲಸವಿಲ್ಲ. ಒಳ್ಳೆಯ ಬ್ಯಾಟರಿ ಹಾಕಬಾರದಿತ್ತು.’

ನಾಲ್ಕನೆಯದು ನಿನ್ನೆಯದು.

‘ಎಂಟು ಜಿಬಿ ಮೆಮೊರಿ ಸೇರಿಸಿದೆ. ಇವತ್ತು ಹೇಳಿಬಿಡಬೇಕು ಎಂದುಕೊಂಡಿದ್ದೆ. ಹೇಳಲಿಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. ಕಣ್ಣು ಮಂಜಾಯಿತು, ಭೂತಗನ್ನಡಿ ಸರಿಯಿಲ್ಲವೆಂದುಕೊಂಡಳು.

“ಮೇಡಂ? ಪರದೆ ಬಂತಾ?”

ಬಂದಿತ್ತು. ಯಾವಾಗ ಬಂತೋ ಅವಳು ನೋಡಿರಲಿಲ್ಲ.

“ಬಂತು… ಎಷ್ಟೊಂದು ಮೆಷಿನ್ ಬಿಚ್ಚಿದ್ದೀರಿ. ನಿನ್ನೆ ಆ ‘ಟಕ್’ ನಿಮಗೆ ಕೇಳಿಸ್ಲಿಲ್ವಾ?”

“ಇಲ್ಲ,” ಎಂದ ಅವನು. “ನೀವು ಎದುರಿಗೇ ಕೂತು ನಗ್ತಾ ಇದ್ರಿ.”

ತಾತ ಕೆಮ್ಮಿ, ಬಿಸಿಲು ನೋಡುವ ನೆಪದಲ್ಲಿ ಹೊರಗೆ ಹೋದರು.

ಅವಳು ಫೋನಿಟ್ಟಳು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಫೈಲ್ ಹೋಯಿತು. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ತಾತನ ಹತ್ತಿರ ಒಂದು ಚೀಟಿ ಕೇಳಿ ಪಡೆದು ಏನೋ ಬರೆದಳು. ನಾಲ್ಕರ ಕೆಳಗೆ ಐದನೆಯದಾಗಿ ಅಂಟಿಸಿ, ಹತ್ತೂ ಸ್ಕ್ರೂ ಬಿಗಿದಳು.

ಆರಕ್ಕೆ ಬರುತ್ತೇನೆಂದವನು ಐದಕ್ಕೇ ಬಂದ, ಏದುಸಿರು ಬಿಡುತ್ತಾ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಅವಳ ಮುಖ ನೋಡಿದ, ಮುಚ್ಚಳ ಬೋರಲಾಗಿ ಉಳಿದಿರಲಿಲ್ಲವೆಂದು ಗೊತ್ತಾಯಿತು.

“ಮೇಡಂ, ಅದು… ತಪ್ಪು ತಿಳ್ಕೋಬೇಡಿ…”

“ಮೋಸ ಮಾಡಿದ್ರಿ ಅಂದೆನಲ್ಲ, ತಪ್ಪು ತಿಳ್ಕೊಂಡಿದ್ದು ಆಗಲೇ ಮುಗೀತು. ಕ್ಷಮಿಸಿ. ಈ ಸಲ ನಿಮಗೇ ಹೇಳ್ತಿದ್ದೀನಿ, ಕೀಬೋರ್ಡಿಗಲ್ಲ.” ಲ್ಯಾಪ್‌ಟಾಪ್ ಮುಂದೆ ಚಾಚಿದಳು. “ಬಿಚ್ಚಿ ನೋಡಿ.”

“ಮತ್ತೆ ಕೆಟ್ಟಿತಾ?”

“ಬಿಚ್ಚಿ, ಅಂದೆ.”

ಅವನು ಅಂಗಡಿಯ ಬೀಗವನ್ನೂ ತೆಗೆಯದೆ ಮೆಟ್ಟಿಲ ಮೇಲೇ ಕೂತ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಹತ್ತು ಸ್ಕ್ರೂಗಳಿಗೆ ಅವನ ಕೈ ಇಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು. ಮುಚ್ಚಳ ಮಗುಚಿ ಓದಿದ.

‘ನನ್ನ ಮನೆಯ ಕೆಳಗೇ ರಿಪೇರಿ ಅಂಗಡಿಯಿದೆ. ಮೂರು ವರ್ಷದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದೇನೆ. ಇನ್ನಾದರೂ ಹೇಳಿ.’

ಅವನು ಆ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ.

“ನೀವಂದ್ರೆ ನನಗೆ ತುಂಬಾ ಇಷ್ಟ,” ಎಂದ ಕೊನೆಗೆ, ಮುಚ್ಚಳಕ್ಕೇ ಹೇಳುವವನ ಹಾಗೆ.

“ನನಗೂ,” ಎಂದಳು ಅವಳು. “ಮೇಡಂ ಅನ್ನೋದು ಮಾತ್ರ ಇಷ್ಟವಿಲ್ಲ.”

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

“ಆದ್ರೆ ಈಗ ಎಲ್ಲಾ ಸರಿಯಾಗಿದೆಯಲ್ಲ… ಇನ್ನು ಏನು ಕೆಟ್ಟಾಗ ಬರ್ತೀರಿ?”

“ಯಾಕೆ, ಏನೂ ಕೆಡದೇ ಇದ್ರೆ ಬರಬಾರದಾ?”

“ಬನ್ನಿ,” ಎಂದ ಅವನು. “ನಾಳೆನೇ ಬನ್ನಿ.”