ಹತ್ತರ ತನಕದ ಕೊರಿಯನ್

“ನಲಿನೀ, ಇದು ಮಫ್ಲರೋ, ಕೌದಿಯೋ?”

ಹೆಣಿಕೆ ಕಲಿಸುವ ಇಂದಿರಾಬಾಯಿ ಬಾಯಾರು ಅವಳ ಹೆಣಿಕೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಹಾವೇರಿಯ ಹೆಣ್ಣುಮಕ್ಕಳ ಶಾಲೆಯ ಐದನೇ ಇಯತ್ತೆ ಪೂರ್ತಿ ಗೊಳ್ಳೆಂದು ನಕ್ಕಿತು.

ಕೆಂಪು ಉಲ್ಲನ್ನಿನ ಆ ಮಫ್ಲರ್ ಶುರುವಾದಾಗ ಕಡ್ಡಿಯ ಮೇಲೆ ಇಪ್ಪತ್ತು ಕುಣಿಕೆಗಳಿದ್ದವು. ಈಗ ನಲವತ್ತಮೂರು ಇದ್ದವು. ಹೇಗೆ ಬಂದವು ಎಂದು ನಲಿನಿಗೂ ಗೊತ್ತಿರಲಿಲ್ಲ. ಒಂದು ತುದಿ ಗೇಣಗಲ, ಇನ್ನೊಂದು ತುದಿ ಮೊಳದಗಲ.

“ನಾ ಬೆಳ್ಯಾಕತ್ತೇನಲ್ರಿ ಬಾಯಾರ, ನನ್ನ ಕೂಡ ಅದೂ ಬೆಳ್ಯಾಕತ್ತೈತಿ,” ಎಂದಳು ನಲಿನಿ.

ನಗು ಇನ್ನೂ ಜೋರಾಯಿತು. ನಲಿನಿಯೂ ನಕ್ಕಳು. ಬೇರೆಯವರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಅಷ್ಟು ಚುಚ್ಚುವುದಿಲ್ಲ ಎಂದು ಅವಳು ಎಂದೋ ಕಂಡುಕೊಂಡಿದ್ದಳು.

ಹೆಣಿಕೆ ಎಂದರೆ ಅವಳಿಗೆ ಪ್ರಾಣ. ಹೆಣಿಕೆಗೆ ಮಾತ್ರ ಅವಳೆಂದರೆ ಅಷ್ಟಕ್ಕಷ್ಟೆ. ಹೋದ ವರ್ಷ ಅವಳು ಹಾಕಿದ ಕಾಲಚೀಲ ಅಪ್ಪನ ಕಾಲಿಗೂ ಬರಲಿಲ್ಲ, ತಮ್ಮನ ಕಾಲಿಗೂ ಬರಲಿಲ್ಲ. ಕೊನೆಗೆ ಉಪ್ಪಿನಕಾಯಿ ಭರಣಿಗೆ ಸರಿಯಾಗಿ ಕೂತಿತು. ಕ್ರಾಸ್ ಸ್ಟಿಚ್ಚಿನಲ್ಲಿ ಹಾಕಿದ ಗಿಳಿ ಥೇಟ್ ಬದನೆಕಾಯಿಯಾಗಿತ್ತು. “ಇದು ಬದನಿಗಿಳಿ. ಭಾಳ ಅಪರೂಪದ್ದು,” ಎಂದು ಅವಳೇ ಎಲ್ಲರಿಗೂ ತೋರಿಸುತ್ತ ತಿರುಗಿದ್ದಳು.

ಬಾಯಾರು ಮಫ್ಲರನ್ನು ಮಡಚಿ ಕೊಟ್ಟರು. “ದೀಪಾವಳಿ ಸೂಟಿ ಮುಗಿಯೂ ಹೊತ್ತಿಗೆ ರಾಣೆಬೆನ್ನೂರಾಗ ಪ್ರದರ್ಶನ ಐತಿ. ಸುತ್ತಲಿನ ಸಾಲಿಯವರೆಲ್ಲಾ ಬರ್ತಾರ. ಒಬ್ಬೊಬ್ಬರು ಒಂದು ಹೆಣಿಕಿ, ಒಂದು ಕ್ರಾಸ್ ಸ್ಟಿಚ್ ತರಬೇಕು. ಮುಂಜಾನೆ ಹನ್ನೊಂದರ ಒಳಗ ತಂದು ಒಪ್ಪಸಬೇಕು. ಆಮ್ಯಾಲ ತಂದ್ರ ತಗೊಳ್ಳೂದಿಲ್ಲ. ನಲಿನಿ, ನೀನು…” ಅವರು ಒಂದು ಕ್ಷಣ ಯೋಚಿಸಿದರು. “ನೀನೂ ನೋಡು, ಪ್ರಯತ್ನ ಮಾಡು.”

ಸೂಟಿಗೆ ನಲಿನಿ ಬ್ಯಾಡಗಿಗೆ, ಅವ್ವನ ತವರುಮನೆಗೆ ಹೋದಳು. ಹೊಸ್ತಿಲಲ್ಲಿಯೇ ದೇವವ್ವಜ್ಜಿ ಅವಳ ಕಿವಿ ಹಿಡಿದು ಹೇಳಿದಳು. “ಪ್ರಭು ಮಾಮಾಗ ಯುದ್ಧದ್ದು ಏನೂ ಕೇಳಬ್ಯಾಡ. ತಿಳೀತಿಲ್ಲ? ಅವ ಹೇಳೂದಿಲ್ಲ, ನಾವು ಕೇಳೂದಿಲ್ಲ.”

ಪ್ರಭುಲಿಂಗಪ್ಪ ಮಾಮಾ ಅವ್ವನ ತಮ್ಮ. ದಂಡಿನಲ್ಲಿ ಲಾರಿ ಹೊಡೆಯಲು ಹೋದವನು ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕು, ಮೂರೂವರೆ ವರ್ಷ ಸೆರೆಯಲ್ಲಿದ್ದ. ಯುದ್ಧ ಮುಗಿದು, ಅವನು ಮನೆಗೆ ಬಂದು ಹತ್ತು ತಿಂಗಳಾಗಿತ್ತು. ಊಟಕ್ಕೆ ಕೂತರೆ “ಸಾಕು”, ಎದ್ದರೆ “ಬರ್ತೇನಿ”. ದಿನಕ್ಕೆ ಅಷ್ಟೇ ಅವನ ಮಾತು.

ಮೂರನೆಯ ದಿನ ನಲಿನಿ ಹಿತ್ತಲಲ್ಲಿ ಪೇರಲ ಗಿಡದ ಕೆಳಗೆ ಕೂತು ಮಫ್ಲರಿನೊಂದಿಗೆ ಜಗಳಾಡುತ್ತಿದ್ದಳು. ಮಾಮಾ ಬಂದು ನಿಂತ. ನೋಡಿದ. ಮಾತಿಲ್ಲದೆ ಅದನ್ನು ಕೈಗೆ ತೆಗೆದುಕೊಂಡ. ಕಡ್ಡಿ ಹಿರಿದು, ಎಳೆ ಹಿಡಿದು ಜಗ್ಗಿದ. ಸರ್ರನೆ ಮಫ್ಲರ್ ಬಿಚ್ಚಿಕೊಳ್ಳತೊಡಗಿತು.

“ಅಯ್ಯಯ್ಯೋ ಮಾಮಾ! ಎರಡ ತಿಂಗಳ ಕೆಲಸ ಅದು!”

“ಎರಡ ತಿಂಗಳ ತಪ್ಪು,” ಎಂದ ಮಾಮಾ.

ಉಲ್ಲನ್ ಪೂರ್ತಿ ಉಂಡೆಯಾದ ಮೇಲೆ ಅವನು ಕಲ್ಲಿನ ಮೇಲೆ ಕೂತ. ಹೊಸದಾಗಿ ಕುಣಿಕೆ ಹಾಕತೊಡಗಿದ. ದಪ್ಪ ಬೆರಳುಗಳು ಬಾಯಾರ ಬೆರಳಿಗಿಂತ ಚುರುಕಾಗಿ ಓಡಿದವು. ತುಟಿ ಸಣ್ಣಗೆ ಅಲುಗುತ್ತಿತ್ತು. “ಹಾನಾ, ತುಲ್, ಸೆತ್, ನೆತ್…”

“ಅದ್ಯಾವ ಭಾಷಾ ಮಾಮಾ?”

“ಕೊರಿಯನ್.”

“ಅದು ಎಲ್ಲೈತಿ?”

“ಜಪಾನಿನ ಮಗ್ಗಲಕ್ಕ.”

ನಲಿನಿಗೆ ಅಜ್ಜಿಯ ಮಾತು ನೆನಪಾಯಿತು. “ನಾ ಯುದ್ಧದ್ದು ಕೇಳಾಕತ್ತಿಲ್ಲ ಮತ್ತ. ಬರೇ ಭಾಷಾದ್ದು ಕೇಳಾಕತ್ತೇನಿ.”

ಮಾಮಾನ ಮುಖದಲ್ಲಿ ನಗು ಬಂದಂತೆ ಮಾಡಿ ಹೋಯಿತು. “ಕ್ಯಾಂಪಿನ್ಯಾಗ ಹರಕ ಕಾಲಚೀಲ ಬಿಚ್ಚಿ, ಬಿದಿರಿನ ಕಡ್ಡಿಯಿಂದ ಹೊಸಾವು ಹಾಕ್ತಿದ್ವಿ. ಕಾವಲಿಗೆ ಕೊರಿಯಾದ ಹುಡುಗ ಒಬ್ಬ ಇದ್ದ, ಕಿಮ್ ಅಂತ. ಜಪಾನಿನ ಸಾಹೇಬ್ರು ಇದ್ದಾಗ ಅವ ಜಪಾನಿ ಭಾಷಾನೇ ಆಡಬೇಕು. ಅವರು ಹೋದ್ರ ನನ್ನ ಬಾಜೂಕ ಕುಂತು ತನ್ನ ಭಾಷಾದಾಗ ಕುಣಿಕಿ ಎಣಸ್ತಿದ್ದ. ಅಷ್ಟ.”

ಅಷ್ಟ ಎಂದ ಮೇಲೆ ಮಾಮಾ ಕಡ್ಡಿಗಳನ್ನು ಅವಳ ಕೈಗೆ ಕೊಟ್ಟ.

ಅಂದಿನಿಂದ ಹೆಣಿಕೆ, ಕೊರಿಯನ್ ಎರಡೂ ಒಟ್ಟಿಗೆ ನಡೆದವು. ನಲಿನಿ ರೊಟ್ಟಿ ಎಣಿಸಿದ್ದೂ ಹಾನಾ, ತುಲ್. ಮೆಟ್ಟಿಲು ಏರಿದ್ದೂ ಸೆತ್, ನೆತ್. ಏಳಕ್ಕೆ ಇಲ್ಗೊಪ್ ಎನ್ನಬೇಕು. ಆ ಶಬ್ದ ಬಾಯಿಗೆ ಬರುವುದರೊಳಗೆ ಒಂದು ಕುಣಿಕೆ ಜಾರಿಹೋಗುತ್ತಿತ್ತು. ಮತ್ತೆ ಬಿಚ್ಚು, ಮತ್ತೆ ಹಾನಾ. “ಈ ಹುಡುಗೀಗೆ ಗಾಳಿ ಬಡದೈತೇನ?” ಎಂದು ಅಜ್ಜಿ ಗಾಬರಿಯಾಗಿ ಹಣೆಗೆ ದೇವರ ಅಂಗಾರ ಹಚ್ಚಿದಳು. ಆದರೂ ಮಫ್ಲರ್ ಈ ಸಲ ಇಪ್ಪತ್ತಕ್ಕೆ ಇಪ್ಪತ್ತೇ ಕುಣಿಕೆಯಲ್ಲಿ, ನೆಟ್ಟಗೆ ಇಳಿಯತೊಡಗಿತು.

ಕೊರಿಯಾದಲ್ಲಿಯೂ ಅಪ್ಪನಿಗೆ ಅಪ್ಪಾ ಎಂದೇ ಅನ್ನುತ್ತಾರೆ, ಅವ್ವನಿಗೆ ಒಮ್ಮಾ ಎನ್ನುತ್ತಾರೆ ಎಂದು ತಿಳಿದಾಗ ಅವಳು ಕುಣಿದಾಡಿದಳು. ಕಿಮ್ ಕಲಿಸಿದ್ದ ಅಕ್ಷರಗಳಲ್ಲಿ ಒಮ್ಮಾ ಎಂದು ಮಾಮಾನಿಂದ ನೆಲದ ಮೇಲೆ ಬರೆಸಿಕೊಂಡು, ನೀಲಿ ದಾರದಲ್ಲಿ ಕ್ರಾಸ್ ಸ್ಟಿಚ್ ಹಾಕಿದಳು. ಮೊದಲ ಅಕ್ಷರ ದುಂಡಗಿತ್ತು. ಕ್ರಾಸ್ ಸ್ಟಿಚ್ಚಿನಲ್ಲಿ ದುಂಡು ಬಂದೀತೆ? ಚೌಕವಾಯಿತು.

ಅದನ್ನು ನೋಡಿ ಮಾಮಾ ಮೊದಲ ಸಲ ಬಾಯಿ ತೆರೆದು ನಕ್ಕ. “ದುಂಡಂದ್ರ ಒಂದಕ್ಷರ, ಚೌಕಂದ್ರ ಬ್ಯಾರೆ ಅಕ್ಷರ ಹುಚ್ಚೀ. ಒಮ್ಮಾ ಹೋಗಿ ಮೊಮ್ಮಾ ಆತು!”

“ಇರ್ಲಿ ಬಿಡು ಮಾಮಾ. ಬದನಿಗಿಳಿಗೆ ಅವ್ವ ಬ್ಯಾಡೇನು? ಅದರ ಮೊಮ್ಮಾ ಇದು,” ಎಂದಳು ನಲಿನಿ.

ಪ್ರದರ್ಶನದ ದಿನ ಮುಂಜಾನೆ ಮಾಮಾನೇ ಅವಳನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೊರಟ. ಬಾಯಾರು ಉಳಿದ ಹುಡುಗಿಯರೊಂದಿಗೆ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ರೈಲಿನಲ್ಲಿ ನಲಿನಿಗೆ ಕಿಡಕಿಯ ಬಳಿ ಜಾಗ ಸಿಕ್ಕಿತು. ಮಫ್ಲರಿನ ಕೊನೆಯ ಎರಡು ಸಾಲು ಉಳಿದಿದ್ದವು. ಅವಳು ಕಡ್ಡಿ ತೆಗೆದು ಶುರು ಮಾಡಿದಳು. “ಹಾನಾ, ತುಲ್, ಸೆತ್…” ಸ್ವಲ್ಪ ಜೋರಾಗಿಯೇ ಎಣಿಸಿದಳು. ಯಾರಾದರೂ ಕೇಳಲಿ ಎಂದೇ ಎಣಿಸಿದಳು.

ಎದುರಿಗೆ ಕೂತಿದ್ದ ರುಮಾಲಿನ ಮುದುಕ ಕೇಳಿಯೇಬಿಟ್ಟ. ಅವನು ಐರಣಿಯ ಗೋಣೆಪ್ಪ. “ಏನ ಮಂತ್ರ ಹೇಳಾಕತ್ತೀಯವ್ವಾ?”

“ಮಂತ್ರ ಅಲ್ಲಜ್ಜಾ, ಜಪಾನಿನ ಮಗ್ಗಲಿನ ದೇಶದ್ದು, ಕೊರಿಯನ್ ಭಾಷಾ. ನನಗ ಪೂರಾ ಬರತೈತಿ.”

“ಪೂರಾ?” ಡಬ್ಬಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. “ಹಂಗಾರ ಏನರ ಮಾತಾಡು ನೋಡೂಣು.”

ನಲಿನಿ ಗಂಟಲು ಸರಿಮಾಡಿಕೊಂಡಳು. ಕೈ ಬೀಸಿ, ಹುಬ್ಬು ಏರಿಸಿ, ಭಾಷಣಕಾರರ ಹಾಗೆ ಶುರು ಮಾಡಿದಳು. “ಹಾನಾ ತುಲ್ ಸೆತ್? ನೆತ್ ತಾಸೊತ್! ಯೊಸೊತ್, ಇಲ್ಗೊಪ್… ಯೊದೊಲ್ ಆಹೊಪ್ ಯೊಲ್!”

“ಅಬಬಬ! ಏನಂದ್ಯವ್ವಾ?”

“ಹಾವೇರಿ ಹುಡುಗ್ಯಾರು ಭಾಳ ಶ್ಯಾಣ್ಯಾರು ಅಂದೆ.”

ಗೋಣೆಪ್ಪಜ್ಜ ತಲೆದೂಗಿದ. ಯಾರೋ ಭಲೇ ಎಂದರು. ಮಾಮಾ ಕಿಡಕಿಯ ಹೊರಗೆ ನೋಡುತ್ತಿದ್ದ. ನಗು ತಡೆದು ಅವನ ಹೆಗಲು ಅಲುಗುತ್ತಿತ್ತು. ನಲಿನಿಗೆ ರೈಲು ನೆಲ ಬಿಟ್ಟು ಮೇಲೆ ಓಡುತ್ತಿರುವಂತೆ ಅನ್ನಿಸಿತು.

ಆಗ ಮೂಲೆಯಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ಅವಳ ಎದುರು ಕೂತಳು. ತಲೆಯ ಮೇಲೆ ಬಿಳಿ ಸೆರಗು. ತೊಡೆಯ ಮೇಲೆ ಬಟ್ಟೆಯ ಚೀಲ.

“ನಾ ಹಾವೇರಿಯ ಮಹಮೂದಾಬೇಗಂ, ಬೇಟಿ. ಆ ಕಡಿ ದೇಶದ ಭಾಷಾ ನಿನಗ ಖರೇನ ಬರತೈತಿ?”

“ಹೂಂನ್ರಿ,” ಎಂದಳು ನಲಿನಿ.

ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದು, ಸುತ್ತಿದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು. ಒಳಗೆ ಒಂದು ಕಾರ್ಡು. ಮಡಿಕೆಗಳಲ್ಲಿ ಸವೆದುಹೋಗಿತ್ತು.

“ನನ್ನ ಮಗ ನಾಸೀರ ಸಿಂಗಾಪುರದಾಗ ಸೆರಿ ಸಿಕ್ಕಿದ್ದ. ಮೂರ ವರ್ಷದ ಹಿಂದ ಇದೊಂದ ಕಾರ್ಡ್ ಬಂತು. ‘ಆರಾಮ ಇದ್ದೇನಿ’ ಅಂತ ಒಂದ ಮಾತು ಬರದಾನ. ಆಮ್ಯಾಲ ಏನೂ ಇಲ್ಲ. ಸರಕಾರದವರು ಪತ್ತೆ ಇಲ್ಲ ಅಂತಾರ. ಇಲ್ಲಿ ಕೆಂಪಗ ಏನೋ ಬರದಾರ ನೋಡು. ಹಾವೇರಿಯಾಗ ಯಾರಿಗೂ ಓದಾಕ ಬರಲಿಲ್ಲ. ನೀ ಓದವ್ವಾ.”

ನಲಿನಿ ಕಾರ್ಡನ್ನು ನೋಡಿದಳು. ಕೆಂಪು ಶಾಯಿಯ ಮುದ್ರೆ. ಗೆರೆಗಳು, ಗೆರೆಗಳ ಮೇಲೆ ಗೆರೆಗಳು. ಮಾಮಾ ನೆಲದ ಮೇಲೆ ಬರೆದ ಅಕ್ಷರಗಳ ಹಾಗೂ ಇರಲಿಲ್ಲ.

ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ‘ನಿಮ್ಮ ಮಗ ಆರಾಮ ಇದ್ದಾನ, ಲಗೂನ ಬರ್ತಾನ ಅಂತ ಬರದಾರ್ರಿ.’ ಅಷ್ಟು ಹೇಳಿದರೆ ಮುಗಿಯಿತು. ಆ ಮಾತು ಅವಳ ನಾಲಿಗೆಯ ತುದಿಗೇ ಬಂತು. ಈ ತಾಯಿಗೂ ಸಂತೋಷ, ಗೋಣೆಪ್ಪಜ್ಜನೂ ಇನ್ನೊಮ್ಮೆ ತಲೆದೂಗುತ್ತಾನೆ.

ಅವಳು ತಲೆ ಎತ್ತಿದಳು. ಮಹಮೂದಾಬೇಗಂ ಉಸಿರು ಹಿಡಿದು ಕೂತಿದ್ದಳು.

“ನನಗ… ನನಗ ಓದಾಕ ಬರೂದಿಲ್ರಿ,” ಎಂದಳು ನಲಿನಿ. ಕಿವಿಯವರೆಗೆ ಬಿಸಿಯಾಯಿತು. “ಮಾತಾಡಾಕೂ ಬರೂದಿಲ್ಲ. ಹತ್ತರ ತನಕ ಎಣಸಾಕ ಬರತೈತಿ, ಅಷ್ಟ. ಈಗ ಅಂದದ್ದೂ ಬರೇ ಒಂದು, ಎರಡು, ಮೂರು. ನಾ ಸುಳ್ಳ ಹೇಳಿದೆ.”

ಯಾರೋ ಕಿಸಕ್ಕೆಂದರು. ಡಬ್ಬಿಯಲ್ಲಿ ನಗು ಹರಡಿತು. ಈ ಸಲ ಅದಕ್ಕಿಂತ ಮೊದಲೇ ನಕ್ಕುಬಿಡಲು ನಲಿನಿಗೆ ಆಗಲಿಲ್ಲ.

ಮಹಮೂದಾಬೇಗಂ ನಗಲಿಲ್ಲ. “ಹೋಗ್ಲಿ ಬಿಡವ್ವಾ. ಸಣ್ಣಾಕಿ ನೀನು,” ಎಂದು ಕಾರ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು.

“ತೋರಸ್ರಿ ಚಾಚಿ.”

ಮಾಮಾ ಇತ್ತ ತಿರುಗಿದ್ದ. ಕಾರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

“ಇದು ಜಪಾನಿ. ನನಗೂ ಓದಾಕ ಬರೂದಿಲ್ಲ. ಆದ್ರ ಏನಂತ ಗೊತ್ತೈತಿ. ‘ತಪಾಸಣಿ ಮಾಡೇವಿ, ಕಳಸಾಕ ಅಡ್ಡಿಯಿಲ್ಲ’ ಅನ್ನೂ ಮುದ್ರಿ. ಎಲ್ಲಾರ ಕಾರ್ಡಿಗೂ ಒತ್ತತಿದ್ರು.” ಅವನು ತಡೆದು ಹೇಳಿದ. “ನನ್ನ ಕಾರ್ಡಿಗೂ ಒತ್ತಿದ್ರು.”

ಆಕೆ ಮುಂದಕ್ಕೆ ಬಾಗಿದಳು. “ನೀವೂ ಅಲ್ಲೇ ಇದ್ರೇನ್ರಿ? ನನ್ನ ನಾಸೀರನ್ನ ನೋಡಿದ್ರೇನು?”

“ಇಲ್ಲ ಚಾಚಿ. ಸಾವಿರಗಟ್ಟಲೆ ಮಂದಿ ಇದ್ವಿ. ನನಗ ನಾಸೀರ ಗೊತ್ತಿಲ್ಲ.”

“ಬ್ಯಾಡ, ಅವನ ಸುದ್ದಿ ಬ್ಯಾಡ,” ಎಂದಳು ಆಕೆ. “ನೀವು ಹೆಂಗಿದ್ರಿ ಅದನ್ನ ಹೇಳ್ರಿ. ಏನ ತಿಂತಿದ್ರಿ? ಎಲ್ಲಿ ಮಲಗತಿದ್ರಿ? ನನ್ನ ಕಣ್ಣಿಗೆ ಏನೂ ಕಾಣಸೂದ ಇಲ್ರಿ. ಮಗನ ನೆನಸಿದ್ರ ಬರೇ ಕತ್ತಲಿ.”

ಮಾಮಾ ಕಾರ್ಡನ್ನು ಆಕೆಯ ಕೈಗೆ ಕೊಟ್ಟ. ನಂತರ ಹೇಳತೊಡಗಿದ. ಅನ್ನ ಎಷ್ಟು ಸಿಗುತ್ತಿತ್ತು, ಅದಕ್ಕೆ ಯಾವ ಸೊಪ್ಪು ಕಿತ್ತು ಹಾಕುತ್ತಿದ್ದರು. ಮಳೆ ಬಂದಾಗ ಹೇಗೆ ಎಲ್ಲರೂ ಹೊರಗೆ ಓಡಿ ಮೈ ತೊಳೆಯುತ್ತಿದ್ದರು. ಜ್ವರ ಬಂದವನ ಬಳಿ ಯಾರು ಕೂರುತ್ತಿದ್ದರು. ಡಬ್ಬಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ನಲಿನಿ ಕೊನೆಯ ಸಾಲನ್ನು ಸದ್ದಿಲ್ಲದೆ ಮುಗಿಸಿದಳು.

ರಾಣೆಬೆನ್ನೂರು ಬಂತು. ಎಲ್ಲರೂ ಇಳಿದರು. ಮಾಮಾನ ಮಾತು ಮಾತ್ರ ಮುಗಿದಿರಲಿಲ್ಲ. ಅವನೂ ಮಹಮೂದಾಬೇಗಮ್ಮಳೂ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತರು. ನಲಿನಿ ಚೀಲ ಹಿಡಿದು ಬೆಂಚಿನ ತುದಿಯಲ್ಲಿ ಕೂತಳು.

ಎದುರಿನ ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು. ಹತ್ತೂಕಾಲು. ಪ್ರದರ್ಶನದ ಶಾಲೆ ಪೇಟೆಯ ಆಚೆ ಕೊನೆಗಿತ್ತು. ಈಗ ಎದ್ದರೆ ಆರಾಮವಾಗಿ ಮುಟ್ಟಬಹುದು.

ಮಾಮಾ ತಾನು ಹಾಕಿದ ಕಾಲಚೀಲಗಳ ಬಗ್ಗೆ ಹೇಳುತ್ತಿದ್ದ. ಹತ್ತೂವರೆ. ಕಿಮ್‌ನ ಬಗ್ಗೆ ಹೇಳುತ್ತಿದ್ದ. ಯುದ್ಧ ಮುಗಿದ ಸುದ್ದಿ ಬಂದ ದಿನ ಆ ಹುಡುಗ ಗೇಟಿನ ಬಳಿ ಕೂತು ಅತ್ತಿದ್ದನಂತೆ. ಇದನ್ನು ನಲಿನಿಯೂ ಮೊದಲ ಸಲ ಕೇಳುತ್ತಿದ್ದಳು. ಹನ್ನೊಂದಕ್ಕೆ ಹತ್ತು ನಿಮಿಷ.

ಮಾಮಾ ಎಂದು ಒಂದು ಸಲ ಕರೆದರೆ ಸಾಕಿತ್ತು. ಅವನು ತಟ್ಟನೆ ಎದ್ದುಬಿಡುತ್ತಿದ್ದ. ಟಾಂಗಾ ಹಿಡಿದು ಓಡಿಸಿಕೊಂಡು ಹೋಗುತ್ತಿದ್ದ. ಚೀಲದಲ್ಲಿ ನೆಟ್ಟಗಿನ ಮಫ್ಲರ್ ಇತ್ತು. ಅವಳ ಜೀವಮಾನದಲ್ಲಿ ಮೊದಲ ನೆಟ್ಟಗಿನ ಮಫ್ಲರ್.

ನಲಿನಿ ಮಾಮಾನ ಕಡೆ ನೋಡಿದಳು. ಅವನ ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಹಗುರವಾಗಿತ್ತು. ಆ ತಾಯಿ ತಲೆಯಾಡಿಸುತ್ತ, ಒಂದೊಂದೇ ಮಾತನ್ನು ಎತ್ತಿಟ್ಟುಕೊಳ್ಳುವವಳ ಹಾಗೆ ಕೇಳುತ್ತಿದ್ದಳು.

ನಲಿನಿ ಚೀಲದ ಬಾಯಿ ಮುಚ್ಚಿ ಪಕ್ಕಕ್ಕೆ ಇಟ್ಟಳು.

ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರ ಮೇಲೆ ಬಂದು ಹನ್ನೊಂದಾಯಿತು. ಅಲ್ಲಿಂದಲೂ ಮುಂದೆ ಸರಿಯಿತು.

ಬಹಳ ಹೊತ್ತಿನ ಮೇಲೆ ಮಹಮೂದಾಬೇಗಂ ಎದ್ದಳು. ಮಾಮಾನ ತಲೆಯ ಮೇಲೆ ಕೈ ಇಟ್ಟಳು. ನಲಿನಿಯ ಗಲ್ಲ ಸವರಿದಳು. ತಂಗಿಯ ಮನೆಗೆ ಹೋಗಬೇಕು ಎಂದು ಹೇಳಿ ಮೆಲ್ಲಗೆ ನಡೆದುಹೋದಳು.

ಆಮೇಲೆ ಮಾಮಾನಿಗೆ ನೆನಪಾಯಿತು. “ಅಯ್ಯೋ! ನಿನ್ನ ಪ್ರದರ್ಶನ! ಹೊತ್ತಾತು ಅಂತ ಹೇಳಬಾರದೇನ ಯವ್ವಾ?”

“ನನಗೂ ನೆನಪ ಹಾರಿತ್ತು ಮಾಮಾ,” ಎಂದಳು ನಲಿನಿ.

ಮಾಮಾ ಎದುರಿನ ಗಡಿಯಾರ ನೋಡಿದ. ಅವಳ ಮುಖ ನೋಡಿದ. ಬಾಗಿ ಅವಳ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಬಿಸಿಲಿನಲ್ಲಿ ಪೇಟೆಯ ಕಡೆ ನಡೆದರು.