ನಲವತ್ತು ಸೇರಿನ ಬಯಲು

ಹಿಂದೆ ಹೆಗ್ಗಲವೆಂಬ ರಾಜ್ಯದಲ್ಲಿ ಮಾಯಾವಿಯೊಬ್ಬ ಹಮಾಲಿ ದುಗ್ಗಪ್ಪನ ಮಗಳನ್ನು ಕಲ್ಲು ಮಾಡಿ ಹೊತ್ತೊಯ್ದ. ಅವನು ಹದ್ದಿನ ಮೇಲೆ ಕೂತು ಊರೂರು ದೋಚುತ್ತಿದ್ದ. ಹನ್ನೊಂದು ವರ್ಷದ ಹೊನ್ನಾರಿ, "ಪಾಪ, ಆ ಹಕ್ಕಿಗೆ ಅಷ್ಟೊಂದು ಭಾರ ಯಾಕಯ್ಯಾ?" ಎಂದು ಕೇಳಿದ್ದಳು. ಅಷ್ಟೇ ಅವಳ ತಪ್ಪು.

ಮಾಯಾವಿಯ ಕೋಟೆಯ ಸುತ್ತ ಒಂದು ಬಯಲು. ನಲವತ್ತು ಸೇರಿಗಿಂತ ಹೆಚ್ಚು ಹೊತ್ತವರನ್ನು ಅದು ನುಂಗುತ್ತಿತ್ತು. ಅಂಚಿನ ಬಂಡೆಯ ಮೇಲೆ ಹಾಗೆಂದು ಬರೆದೇ ಇತ್ತು. ರಾಜನ ಸೈನಿಕರು ಓದಿದರು. ಯಾರೂ ತೂಗಿ ನೋಡಲಿಲ್ಲ. ಯಾರೂ ಹಿಂದಿರುಗಲಿಲ್ಲ.

ದುಗ್ಗಪ್ಪ ಹೊರಟಾಗ ಆಯುಧಶಾಲೆಯ ರುದ್ರಯ್ಯ ಕವಚ, ಗುರಾಣಿ, ಕತ್ತಿ ತಂದು ರಾಶಿ ಹಾಕಿದ.

"ಬೇಡ ಬುದ್ಧಿ."

"ಬರಿಗೈಲಿ ಹೋಗಿ ಏನು ಕಿಸೀತೀಯೋ?"

"ಮಗಳು ಮೂವತ್ತಾರು ಸೇರು. ಬರುವಾಗ ಅವಳನ್ನು ಹೊರಬೇಕು. ನನಗೆ ಉಳಿಯೋದು ನಾಲ್ಕೇ."

ಬರುವಾಗಿನ ಹೊರೆಗೆ ಮೊದಲೇ ಜಾಗ ಬಿಡಬೇಕು. ಹಮಾಲಿಗಳ ಕ್ರಮ ಅದು. ಬಿದಿರು ಎರಡು ಸೇರು, ಹಗ್ಗ ಒಂದು, ಅಪ್ಪ ಕೊಟ್ಟಿದ್ದ ತೂಗುಕೋಲು ಒಂದು. ರೊಟ್ಟಿ, ನೀರು ಹೇಗೂ ಬರುವಾಗ ಇರುವುದಿಲ್ಲ. ಬಯಲು ಅವನನ್ನು ಸುಮ್ಮನೆ ಬಿಟ್ಟಿತು.

ಮೊದಲ ಬಾಗಿಲಲ್ಲಿ ಕರಡಿ. "ತಿಂತೀನಿ ನಿನ್ನ," ಎಂದಿತು.

"ಮೂಳೆ ಬಿಟ್ಟರೆ ಏನಿಲ್ಲ ನನ್ನಲ್ಲಿ. ರೊಟ್ಟಿ ತಿನ್ನು." ಕರಡಿ ತಿಂದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹದ್ದು. ಬೆನ್ನೆಲ್ಲ ಹುಣ್ಣು. ದುಗ್ಗಪ್ಪ ತನ್ನ ಹೆಗಲಿನ ಗಾಯದ ಗುರುತು ಮುಟ್ಟಿಕೊಂಡ. ನೀರು ಕುಡಿಸಿದ, ಹುಣ್ಣು ತೊಳೆದ. ಅದೂ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಮಾಯಾವಿಯೇ ಇದ್ದ. ಹತ್ತು ಬೆರಳಿಗೂ ಉಂಗುರ, ಕೊರಳಲ್ಲಿ ಲೂಟಿಯ ಸರಗಳು, ಸೊಂಟದಲ್ಲಿ ನೂರು ಬೀಗದ ಕೈ. ಪಕ್ಕದಲ್ಲಿ ಕಲ್ಲಾಗಿ ನಿಂತ ಹೊನ್ನಾರಿ.

"ಮಗಳು ಬೇಕೇನೋ ಹಮಾಲಿ? ಹೊರು. ಯಾರು ಬೇಡ ಅಂದರು?"

ದುಗ್ಗಪ್ಪ ಕಲ್ಲನ್ನು ಹಗ್ಗದಲ್ಲಿ ಬಿಗಿದು ತೂಗುಕೋಲಿಗೆ ಸಿಕ್ಕಿಸಿದ. ಎಪ್ಪತ್ತೇಳು ಸೇರು! ಹುಡುಗಿಯ ತೂಕ ಲೆಕ್ಕ ಹಾಕಿದ್ದನೇ ಹೊರತು ಕಲ್ಲಿನ ತೂಕವನ್ನಲ್ಲ. ಮೂವತ್ತು ವರ್ಷ ಹೊರೆ ಹೊತ್ತವನು ಎಡವಿದ್ದ. ಕಲ್ಲಿನ ಪಾದ ಹಿಡಿದು ಕುಸಿದು ಕೂತ. ಮಾಯಾವಿ ಬಿದ್ದು ಬಿದ್ದು ನಕ್ಕ.

ಹಿಂದಿನಿಂದ ಕರಡಿ ಕೇಳಿತು: "ಇಬ್ಬರು ಹೊತ್ತರೆ?"

ದುಗ್ಗಪ್ಪ ಕಣ್ಣೊರೆಸಿಕೊಂಡ. ಕಲ್ಲು, ಬಿದಿರು, ಹಗ್ಗ ಸೇರಿ ಎಂಬತ್ತು. ತಲೆಗೆ ನಲವತ್ತು. ತೂಗುಕೋಲಿಗೆ ಜಾಗವಿಲ್ಲ. ಅಪ್ಪನ ಕೋಲನ್ನು ಒಮ್ಮೆ ಸವರಿ ಗೋಡೆಗೆ ಒರಗಿಸಿದ. ಹಗ್ಗವನ್ನು ಬಿದಿರಿನ ನಟ್ಟನಡುವೆ ಕಟ್ಟಿದ.

"ನೀನು ಎತ್ತರ ಮಾರಾಯಾ, ಸ್ವಲ್ಪ ಬಗ್ಗು. ಹೂಂ, ಎತ್ತು!"

ಇಬ್ಬರೂ ಬಯಲಿಗಿಳಿದರು. ನೆಲ ಒಮ್ಮೆ ನಡುಗಿ ಸುಮ್ಮನಾಯಿತು.

ಮಾಯಾವಿಯ ನಗು ನಿಂತಿತು. "ಹದ್ದೇ, ಬಗ್ಗು! ಹಿಡಿಯಬೇಕು ಅವರನ್ನ!"

"ಆಗಲ್ಲ ಒಡೆಯಾ. ಭಾರ ಜಾಸ್ತಿ."

"ನನಗೇ ಎದುರು ಮಾತೇ?"

"ಸರಗಳನ್ನಾದರೂ ಇಳಿಸಿ."

ಅವನು ಇಳಿಸಲಿಲ್ಲ. ಶಪಿಸುತ್ತ ತಾನೇ ಓಡಿದ. ಮೂರನೆಯ ಹೆಜ್ಜೆಗೆ ಮೊಣಕಾಲು ಹೂತಿತು.

"ಬಿಚ್ಚಿ ಎಸಿ ಎಲ್ಲ! ಬದುಕಿಕೊಳ್ತೀಯ!" ದುಗ್ಗಪ್ಪ ಕೂಗಿದ.

ಮಾಯಾವಿ ಸರಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಬಯಲು ಅವನನ್ನು ನುಂಗಿತು.

ಬಿದಿರು ಹಗುರವಾಯಿತು. "ಅಪ್ಪಾ, ಹಗ್ಗ ಒತ್ತುತ್ತೆ," ಎಂದಳು ಹೊನ್ನಾರಿ.

ನುಂಗಿಹೋಗಿದ್ದ ಸೈನಿಕರೆಲ್ಲ ಮೇಲೆದ್ದು ಬಂದರು, ಕವಚವಿಲ್ಲದೆ. ಹದ್ದು ತನ್ನ ಪಾಡಿಗೆ ಹಾರಿಹೋಯಿತು. ಕರಡಿ ರೊಟ್ಟಿಯ ಆಸೆಗೆ ಜೊತೆಯಲ್ಲೇ ಬಂತು. ದುಗ್ಗಪ್ಪ ಕೋಟೆಗೆ ಹಿಂದಿರುಗಿ ಹೋಗಿ ಅಪ್ಪನ ತೂಗುಕೋಲು ತಂದ. ಹೊನ್ನಾರಿ ನಡೆದುಕೊಂಡೇ ಮನೆ ಸೇರಿದಳು.