ಸುಟ್ಟುಹೋದ ಮಿಲ್ಲಿನ ಸದ್ದು

ಮಚ್ಚಿನ ಅಲಗು ನನ್ನ ಕತ್ತಿಗೆ ಒತ್ತಿತ್ತು.

"ಅಲ್ಲಾಡಿದ್ರೆ ಮುಗೀತು ಕಣೋ!" ಎಂದ ಉಗ್ರಪ್ಪ. ಮಿಲ್ ಮಾಲೀಕ ಯೋಗಾನಂದನ ಬಂಟ.

ಮಟಮಟ ಮಧ್ಯಾಹ್ನ. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನ ತಗಡಿನ ಶೆಡ್. ಕಡೂರಿನಿಂದ ಬೈಕಿನಲ್ಲಿ ಅವರ ಲಾರಿಯ ಬೆನ್ನು ಹತ್ತಿ ಬಂದಿದ್ದೆ.

ಒಳಗೆ ನೂಲುವ ಮೆಷಿನ್‌ಗಳು ಭರ್ರೋ ಎನ್ನುತ್ತಿದ್ದವು...

ಅಜ್ಜಂಪುರದ ಮಿಲ್ಲಿನ ಮೆಷಿನ್‌ಗಳು! 'ಬೆಂಕಿಗೆ ಎಲ್ಲಾ ಹೋಯ್ತು, ಕಂಪನಿ ದಿವಾಳಿ' ಎಂದು ಯೋಗಾನಂದ ಕೋರ್ಟಿನಲ್ಲಿ ಕಣ್ಣೀರು ಹಾಕಿದ್ದ. ಕಾರ್ಮಿಕರ ಪೆನ್ಷನ್ ಹೊರೆ ಸರ್ಕಾರದ ತಲೆಗೆ ಬಿತ್ತು. ಅಂದರೆ ತೆರಿಗೆ ಕಟ್ಟುವ ನಿಮ್ಮ, ನನ್ನ ತಲೆಗೆ!

ಆ ಬೆಂಕಿಯಲ್ಲಿ ವಾಚ್‌ಮನ್ ಗಿಡ್ಡಪ್ಪ ಬೆಂದುಹೋಗಿದ್ದ. ಅವನು ಹೇಗೆ ಸತ್ತ ಎಂದು ತಿಳಿಯಲು ಹೆಂಡತಿ ಅಂಬಮ್ಮ ನನ್ನನ್ನು ಹಿಡಿದಿದ್ದಳು. ಪತ್ತೇದಾರಿಕೆ ನನ್ನ ಕಸುಬು.

ಯೋಗಾನಂದ ನಗುತ್ತ ಬಂದ.

"ಯಾರಿಗ್ರೀ ಲಾಸು? ಎಲ್ರಿಗೂ ಪೆನ್ಷನ್ ಬತ್ತಾ ಐತಲ್ಲ!"

"ಗಿಡ್ಡಪ್ಪನಿಗೆ?"

ನಗು ನಿಂತಿತು.

"ಮೆಷಿನ್ ಸಾಗ್ಸೋದನ್ನ ನೋಡ್ಬಿಟ್ಟ... ಬೀಗ ಹಾಕಿ ಬೆಂಕಿ ಇಡ್ಬೇಕಾಯ್ತು."

ಯೋಗಾನಂದ ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ನೀವು ಬಾಯಿ ಬಿಟ್ರೆ ತನಿಖೆ. ತನಿಖೆ ಮುಗಿಯೋಗಂಟ ಪೆನ್ಷನ್ ಬಂದ್. ಗಂಡನ ಪೆನ್ಷನ್ ತಿನ್ನೋ ಆ ಮುದುಕಿ ಅಂಬಮ್ಮನೇ ನಿಮಗೆ ಶಾಪ ಹಾಕ್ತಾಳೆ!"

ಉಗ್ರಪ್ಪ ಹಲ್ಲು ಕಿರಿದ. ಮಚ್ಚು ಒಂದಿಷ್ಟು ಸಡಿಲವಾಯಿತು.

ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿದೆ. ಓಡಿದೆ!

ಕಾವಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ಮಂದೆಯ ಪಕ್ಕದಿಂದಲೇ ನುಗ್ಗಿದೆ. ಹಿಂದೆ ಮಚ್ಚು ಬೀಸುತ್ತ ಉಗ್ರಪ್ಪ...

ದನಗಳು ಬೆದರಿದವು. ಒಂದು ಹೋರಿ ತಿರುಗಿ ನಿಂತಿತು.

ಅವನ ಕಿರುಚಾಟ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಬೈಕ್ ಹತ್ತಿದವನು ಇಳಿದದ್ದು ಅಜ್ಜಂಪುರದಲ್ಲೇ.

ಅಂಬಮ್ಮ ಎಲ್ಲಾ ಕೇಳಿದಳು. ಅಳಲಿಲ್ಲ.

"ಕಂಪ್ಲೇಂಟ್ ಕೊಟ್ರೆ ಪೆನ್ಷನ್ ನಿಲ್ಲಬೋದು ಕಣಮ್ಮ."

"ನಿಲ್ಲಲಿ ಬಿಡಪ್ಪ. ಬಾಗ್ಲು ಬಡ್ಕೊಂಡು ಬಡ್ಕೊಂಡು ಸತ್ತಿರ್ತಾರೆ ನಮ್ಮೋರು... ಅದನ್ನ ತಿಳ್ಕಂಡ್ಮೇಲೂ ಸುಮ್ನೆ ಕೂತು ಉಣ್ಲಾ? ನಡಿ, ಸ್ಟೇಷನ್‌ಗೆ!"

ಸಂಜೆಯೊಳಗೆ ಪೊಲೀಸರು ಶೆಡ್ಡಿಗೆ ನುಗ್ಗಿದರು. ಪಕ್ಕೆ ಮುರಿದುಕೊಂಡಿದ್ದ ಉಗ್ರಪ್ಪ ಆಸ್ಪತ್ರೆಯ ಮಂಚದ ಮೇಲೇ ಎಲ್ಲವನ್ನೂ ಒಪ್ಪಿಕೊಂಡ.

ಪೆನ್ಷನ್ ನಿಜಕ್ಕೂ ನಿಂತಿತು. ಎಲ್ಲರದೂ! ಅಂಬಮ್ಮ ಈಗ ತರೀಕೆರೆಯ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಹಳೆಯ ಕಾರ್ಮಿಕರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಯೋಗಾನಂದ ಜೈಲಿನಲ್ಲಿದ್ದಾನೆ. ಹೊತ್ತುಹೊತ್ತಿಗೆ ಊಟ, ಬಾಗಿಲಿಗೆ ಕಾವಲು...

ಖರ್ಚು ಮಾತ್ರ ಈಗಲೂ ನಮ್ಮದೇ!